ಮಗುವಿನ ಮಾತು ತಡವಾದರೆ ಕಾಯುತ್ತಾ ಕೂರಬೇಡಿ

"ಇವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಇವನಿಗೂ ಬರುತ್ತೆ ಬಿಡು." ಮಾತು ಬಾರದ ಮಗುವಿನ ಬಗ್ಗೆ ಮನೆಯ ಹಿರಿಯರು ಹೀಗೆ ಸಮಾಧಾನ ಹೇಳುವುದುಂಟು. ಕೆಲವು ಮಕ್ಕಳು ತಡವಾಗಿ ಮಾತು ಕಲಿತು ಉಳಿದವರ ಸಮಕ್ಕೆ ಬರುವುದೂ ನಿಜ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವ ಮಗುವಿಗೆ ಕಿವಿ ಕೇಳಿಸದೆ ಮಾತು ನಿಂತಿದೆ ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು. ಮಾತು ಕಲಿಯಲು ಮೊದಲ ಮೂರು ವರ್ಷ ಬಹಳ ಮುಖ್ಯ. ಆ ಕಾಲವನ್ನು ಕಾಯುತ್ತಾ ಕಳೆದರೆ ನಷ್ಟ ಮಗುವಿಗೇ.

ಯಾವಾಗ ತೋರಿಸಬೇಕು?

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಒಂದೆರಡು ಪದ ಬಾರದಿದ್ದರೆ, ಎರಡು ವರ್ಷಕ್ಕೆ "ಅಮ್ಮೀ ಪಾನಿ" ಎಂಬಂತೆ ಎರಡು ಪದ ಕೂಡಿಸದಿದ್ದರೆ, ಮೂರು ವರ್ಷವಾದರೂ ಮಗುವಿನ ಮಾತು ಮನೆಯವರಿಗೇ ಅರ್ಥವಾಗದಿದ್ದರೆ ತಡಮಾಡಬೇಡಿ. ಆಡುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ವೈದ್ಯರಿಗೆ ತೋರಿಸಿ.

ಮನೆಮಾತು ಬಿಡಬೇಡಿ

ಕೆಜಿಎಫ್ ಮತ್ತು ಬಂಗಾರಪೇಟೆಯ ನಮ್ಮ ಮಕ್ಕಳ ಕಿವಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಬೀಳುತ್ತದೆ. ಇಷ್ಟು ಭಾಷೆಗಳಿಂದಲೇ ಮಗು ಗೊಂದಲಗೊಂಡಿದೆ ಎಂದು ಹಲವರು ಭಾವಿಸುತ್ತಾರೆ. ಅದು ತಪ್ಪು. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ. ಮಗುವಿನ ಪದಗಳನ್ನು ಎಣಿಸುವಾಗ "ಪಾನಿ", "ತಣ್ಣಿ", "ಹಾಲು" ಎಲ್ಲವನ್ನೂ ಒಟ್ಟಿಗೆ ಎಣಿಸಿ. ಇಂಗ್ಲಿಷ್ ಶಾಲೆಗೆ ಸೇರಿಸಿದೆವೆಂದು ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಾತಾಡಿಸಲು ಹೊರಟರೆ, ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಮೊದಲು ಕಿವಿ ಪರೀಕ್ಷೆ

ಬಾಗಿಲ ಸದ್ದಿಗೆ ಮಗು ಬೆಚ್ಚುತ್ತದೆ ಎಂದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಎಂದಲ್ಲ. ದೊಡ್ಡ ಸದ್ದು ಕೇಳಿಸಿದರೂ ಮಾತಿನ ಸಣ್ಣ ಧ್ವನಿಗಳು ಕೇಳಿಸದಿರಬಹುದು. ಕುಟುಂಬದಲ್ಲಿ ಹುಟ್ಟು ಕಿವುಡು ಇದ್ದರೆ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ, ಮಗುವಿಗೆ ಪದೇ ಪದೇ ಕಿವಿ ಸೋರುತ್ತಿದ್ದರೆ ಪರೀಕ್ಷೆ ತಪ್ಪಿಸಬೇಡಿ. ಹುಟ್ಟಿದ ಕೆಲವೇ ದಿನದ ಶಿಶುವಿಗೂ ಈ ಪರೀಕ್ಷೆ ಮಾಡಬಹುದು, ನೋವಿಲ್ಲ. ಇನ್ನೊಂದು ಮಾತು: ನಾಲಿಗೆಯ ಕೆಳಗಿನ ತೊಗಲು ಬಿಗಿಯಾಗಿರುವುದರಿಂದಲೇ ಮಗು ಮಾತಾಡದೆ ಉಳಿಯುವುದಿಲ್ಲ. ವೈದ್ಯರಲ್ಲದವರಿಂದ ಅದನ್ನು ಕತ್ತರಿಸಬೇಡಿ.

ಧ್ವನಿ ಗೊಗ್ಗರಾದರೆ

ಕಿರುಚಿ ಆಡುವ ಮಕ್ಕಳ ಧ್ವನಿ ಕೆಲವೊಮ್ಮೆ ವಾರಗಟ್ಟಲೆ ಗೊಗ್ಗರಾಗಿರುತ್ತದೆ. ಪದೇ ಪದೇ ಕೂಗುವುದರಿಂದ ಗಂಟಲಿನ ಧ್ವನಿ ತಂತುಗಳ ಮೇಲೆ ಪುಟ್ಟ ಗಂಟುಗಳು ಬೆಳೆಯಬಹುದು. ಇದಕ್ಕೆ ಹೆಚ್ಚಿನ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ; ನೀರು ಚೆನ್ನಾಗಿ ಕುಡಿಸುವುದು, ಕೂಗಾಟ ತಗ್ಗಿಸುವುದು ಮತ್ತು ಧ್ವನಿ ಚಿಕಿತ್ಸೆ ಸಾಕಾಗುತ್ತದೆ. ಮೂರು ನಾಲ್ಕು ವಾರವಾದರೂ ಧ್ವನಿ ಸರಿಯಾಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರಾಟದ ಕಷ್ಟವಿದ್ದರೆ ಒಂದು ದಿನವೂ ಕಾಯಬೇಡಿ.

ಉಗ್ಗುವ ಮಗು

ಎರಡರಿಂದ ಐದು ವರ್ಷದೊಳಗೆ ಉಗ್ಗು ಆರಂಭವಾಗುವುದು ಸಾಮಾನ್ಯ, ಹಲವರಲ್ಲಿ ಅದು ಹೋಗಿಬಿಡುತ್ತದೆ. ಆರು ತಿಂಗಳು ದಾಟಿದರೆ, ಮಾತಾಡುವಾಗ ಮುಖ ಬಿಗಿದುಕೊಂಡರೆ ಚಿಕಿತ್ಸಕರನ್ನು ಕಾಣಿ. ಅಣಕಿಸಬೇಡಿ, ಗದರಬೇಡಿ, ಮಗುವಿನ ವಾಕ್ಯವನ್ನು ನೀವೇ ಮುಗಿಸಬೇಡಿ. ಮದ್ರಸದ ಉಸ್ತಾದರಿಗೂ ಶಾಲೆಯ ಟೀಚರಿಗೂ ಮೊದಲೇ ತಿಳಿಸಿ. ಪಾಠ ಒಪ್ಪಿಸಲು ಮಗುವಿಗೆ ಸ್ವಲ್ಪ ಹೆಚ್ಚು ಸಮಯ ಸಿಕ್ಕರೆ ಅರ್ಧ ಭಯ ಕಳೆಯುತ್ತದೆ.

ಎಲ್ಲಿಗೆ ಹೋಗಬೇಕು?

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಶ್ರವಣ ದೋಷ, ಸೀಳು ತುಟಿ, ಮಾತಿನ ವಿಳಂಬವನ್ನೂ ಗುರುತಿಸುತ್ತಾರೆ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲು ಹತ್ತಿದರೆ ನಿಮ್ಹಾನ್ಸ್ ಕೂಡ ದೂರವಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ಮೀಸಲಾಗಿದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಶ್ರವಣ ಸಾಧನದ ನೆರವು ಸಿಗುತ್ತದೆ.

ಮನೆಯ ಪಾಲು

ಚಿಕಿತ್ಸಕರ ಬಳಿ ಮಗು ಇರುವುದು ವಾರದಲ್ಲಿ ಒಂದೆರಡು ಗಂಟೆ ಮಾತ್ರ. ಆಟದ ಮೂಲಕ ಮೊದಲು ಒಂದು ಧ್ವನಿ, ಅದು ಬಂದ ಮೇಲೆ ಪದ, ನಂತರ ವಾಕ್ಯ ಎಂದು ಅವರು ಹಂತ ಹಂತವಾಗಿ ಕಲಿಸುತ್ತಾರೆ. ಅದನ್ನು ನೋಡಿಕೊಂಡು ಉಳಿದ ದಿನ ಮಾಡಿಸಬೇಕಾದವರು ಮನೆಯವರು. ಕೆಲಸದಿಂದ ಬಂದ ತಂದೆಯೂ, ದಾದಿ ನಾನಿಯೂ ಇದರಲ್ಲಿ ಸೇರಬೇಕು. ಮಗುವಿನ ಕೈಯಿಂದ ಮೊಬೈಲ್ ತೆಗೆದಿಡಿ. ವುಝೂ ಮಾಡುವಾಗ ಮಗುವನ್ನು ಎದುರಿಗೆ ಕೂರಿಸಿ ಹಾತ್, ಮೂ, ನಾಕ್, ಪಾಂವ್ ಎಂದು ಒಂದೊಂದೇ ಹೆಸರು ಹೇಳಿ. ರೊಟ್ಟಿ ಲಟ್ಟಿಸುವಾಗ "ಗೋಲ್", "ಗರಂ" ಎನ್ನಿ. ಹೇಳಿದ ಮೇಲೆ ಸ್ವಲ್ಪ ಸುಮ್ಮನಿದ್ದು ಮಗುವಿನ ಮುಖ ನೋಡಿ, ಉತ್ತರಿಸಲು ಅವಕಾಶ ಕೊಡಿ. ಅರ್ಧ ಪದ ಬಂದರೂ ಮೆಚ್ಚಿ, ಸರಿಯಾದ ಪದವನ್ನು ನೀವು ಮತ್ತೊಮ್ಮೆ ಹೇಳಿ. ಫಲ ಒಂದು ವಾರದಲ್ಲಿ ಕಾಣದು, ತಿಂಗಳುಗಳೇ ಬೇಕಾಗಬಹುದು. ನಡುವೆ ಬಿಡದೆ ಮುಂದುವರಿಸಿ.