ಚುನಾವಣೆಯ ಕಾಲದಲ್ಲಿ ನಮ್ಮ ಮಾತು



ಚುನಾವಣೆ ಘೋಷಣೆಯಾದ ದಿನದಿಂದ ಮತ ಎಣಿಕೆಯ ದಿನದವರೆಗೆ ನಮ್ಮ ಊರುಗಳಲ್ಲಿ ಎಲ್ಲರೂ ರಾಜಕೀಯ ಪಂಡಿತರೇ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ದೇವನಹಳ್ಳಿಯ ಟೀ ಅಂಗಡಿಗಳಲ್ಲಿ, ಹೊಸಕೋಟೆಯ ಬಸ್ ನಿಲ್ದಾಣದಲ್ಲಿ, ನೆಲಮಂಗಲದ ಹೋಟೆಲುಗಳಲ್ಲಿ ನಾಲ್ಕು ಜನ ಸೇರಿದರೆ ಸಾಕು, ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂಬುದೇ ಮಾತು. ಭಾನುವಾರ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದರೆ ಅಲ್ಲಿಯೂ ಅದೇ ಚರ್ಚೆ. ಹಿಂದೆ ಕರಪತ್ರ, ಗೋಡೆಬರಹ, ಸ್ಥಳೀಯ ಪತ್ರಿಕೆಗಳು ಮಾಡುತ್ತಿದ್ದ ಕೆಲಸವನ್ನು ಇಂದು ನಮ್ಮ ಜೇಬಿನಲ್ಲಿರುವ ಮೊಬೈಲ್ ಕೂಡ ಮಾಡುತ್ತಿದೆ.

ರಾಜಕೀಯ ಮಾತನಾಡುವುದು ಪಾಪವೇ? ಖಂಡಿತ ಅಲ್ಲ. ಮತ ಚಲಾಯಿಸುವುದು ನೈತಿಕ ಕರ್ತವ್ಯವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಸ್ಪಷ್ಟವಾಗಿ ಬೋಧಿಸುತ್ತದೆ. ಮತ ಹಾಕಬೇಕಾದವರು ಆಲೋಚಿಸಬೇಕು, ಆಲೋಚಿಸುವವರು ಮಾತನಾಡಲೇಬೇಕು. ಸಾಲೆಸ್‌ನ ಸಂತ ಫ್ರಾನ್ಸಿಸರು ಯುವ ಗುರುವಾಗಿದ್ದಾಗ, ಷಾಬ್ಲೆ ಎಂಬ ಪ್ರಾಂತ್ಯದ ಜನರು ತಮ್ಮ ಬೋಧನೆ ಕೇಳಲು ಬಾರದಿದ್ದುದನ್ನು ಕಂಡು, ಹೇಳಬೇಕಾದುದನ್ನು ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲ ಕೆಳಗೆ ತೂರಿಸುತ್ತಿದ್ದರು. ಆ ಕರಪತ್ರಗಳ ಸಂತರನ್ನೇ 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಪತ್ರಕರ್ತರ ಮತ್ತು ಬರಹಗಾರರ ಪಾಲಕ ಸಂತರೆಂದು ಸಾರಿದರು. ಆದ್ದರಿಂದ ಮಾತು ಬೇಡವೆಂದಲ್ಲ, ಮಾತಿಗೆ ಹೊಣೆ ಬೇಕು. ಒಂದು ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ನಮ್ಮನ್ನು ನಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

1. ಇದನ್ನು ಹೇಳಿದವರು ಯಾರು?

1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 127ಎ ಎಂಬ ಕಲಮು ಇದೆ. ಚುನಾವಣೆಗೆ ಸಂಬಂಧಿಸಿದ ಯಾವುದೇ ಕರಪತ್ರ ಅಥವಾ ಪೋಸ್ಟರಿನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ತಾವು ಯಾರೆಂದು ಬರೆದು ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರು ಅದನ್ನು ದೃಢೀಕರಿಸಿದ ಮೇಲೆಯೇ ಮುದ್ರಣಾಲಯದವರು ಅಚ್ಚು ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಪುಟ್ಟ ಕಾಗದಕ್ಕೆ ಇಷ್ಟು ಕಟ್ಟುನಿಟ್ಟು ಏಕೆ? ಮಾತಿನ ಹಿಂದೆ ಮುಖವಿಲ್ಲದಿದ್ದರೆ ಸುಳ್ಳಿಗೆ ಉತ್ತರ ಹೇಳುವವರೇ ಇರುವುದಿಲ್ಲ ಎಂಬುದು ಕಾನೂನು ಮಾಡಿದವರಿಗೆ ತಿಳಿದಿತ್ತು.

ನಮ್ಮ ಮೊಬೈಲಿಗೆ ಬರುವ ಸಂದೇಶಗಳನ್ನು ಈ ಅಳತೆಗೋಲಿನಿಂದ ಅಳೆದು ನೋಡಿ. ಬರೆದವರ ಹೆಸರಿಲ್ಲ, ದಿನಾಂಕವಿಲ್ಲ, ಊರಿಲ್ಲ. ಆದರೂ ನಾವು ಕಣ್ಣು ಮುಚ್ಚಿ ಹತ್ತು ಜನರಿಗೆ ಕಳುಹಿಸುತ್ತೇವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ!

ಇದರ ಫಲ ಎಷ್ಟು ಭೀಕರವಾಗಬಹುದು ಎಂಬುದನ್ನು ಬೆಂಗಳೂರು ಕಂಡಿದೆ. 2018ರ ಮೇ 12ರಂದು ವಿಧಾನಸಭೆಗೆ ಮತದಾನ ನಡೆಯಿತು. ಅದೇ ತಿಂಗಳು ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಅದು ಚುನಾವಣೆಯ ಸುದ್ದಿಯಲ್ಲ, ಆದರೆ ಹಬ್ಬಿದ ದಾರಿ ಅದೇ. ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕಾಗಿ ಬಂದಿದ್ದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಆ ಸಂದೇಶವನ್ನು ದಾಟಿಸಿದ ಸಾವಿರಾರು ಜನರಲ್ಲಿ ಬಹುಪಾಲು ಮಂದಿ ಸಜ್ಜನರೇ ಇದ್ದಿರಬೇಕು. ಯಾರೂ ಅವನನ್ನು ಕೊಲ್ಲಬೇಕೆಂದು ಬಯಸಿರಲಿಲ್ಲ. ಆದರೆ ಯಾರೂ "ಇದನ್ನು ಹೇಳಿದವರು ಯಾರು?" ಎಂದು ಕೇಳಲೂ ಇಲ್ಲ.

2. ಇದು ನಮ್ಮ ಬದುಕಿನ ಮಾತೇ?

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಹೆಸರು ರಾಜ್ಯದೆಲ್ಲೆಡೆ ಕೇಳಿಬಂತು. ಡಿ.ಕೆ. ಸುರೇಶ್ ಮತ್ತು ಡಾ. ಸಿ.ಎನ್. ಮಂಜುನಾಥ್ ಅವರ ನಡುವಿನ ಸ್ಪರ್ಧೆಯಲ್ಲಿ ಡಾ. ಮಂಜುನಾಥ್ ಗೆದ್ದರು. ಆದರೆ ಸ್ವಾರಸ್ಯ ನೋಡಿ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ವಿಧಾನಸಭಾ ಕ್ಷೇತ್ರಗಳ ಮತದಾರರಿಗೆ ಆ ಸ್ಪರ್ಧೆಯಲ್ಲಿ ಮತವೇ ಇರಲಿಲ್ಲ! ಆಗ ಜಿಲ್ಲೆಯ ಹೆಸರು ಬೆಂಗಳೂರು ಗ್ರಾಮಾಂತರವಾಗಿದ್ದರೂ ಈ ನಾಲ್ಕೂ ಸೇರಿರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಅಲ್ಲಿ ಗೆದ್ದವರು ಡಾ. ಕೆ. ಸುಧಾಕರ್. ಬೇರೆ ಕ್ಷೇತ್ರದ ಮಾತಿನಲ್ಲಿ ಮುಳುಗಿ ತಮ್ಮ ಕ್ಷೇತ್ರದ ಅಭ್ಯರ್ಥಿಗಳನ್ನು ಒಂದು ಪ್ರಶ್ನೆಯನ್ನೂ ಕೇಳದವರು, ತಮಗಿದ್ದ ಅವಕಾಶವನ್ನು ತಾವೇ ಕಳೆದುಕೊಂಡಂತೆ.

ಕೇಳಬೇಕಾದ ಪ್ರಶ್ನೆಗಳೇನೂ ಕಡಿಮೆ ಇರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಧರಣಿ ನಡೆಯುತ್ತಿದ್ದಾಗಲೇ 2023ರ ವಿಧಾನಸಭಾ ಚುನಾವಣೆಯೂ 2024ರ ಲೋಕಸಭಾ ಚುನಾವಣೆಯೂ ಬಂದುಹೋದವು. ಕಡೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ರೈತರು ಒಂದೇ ಮಾತನ್ನು ಆಡಿದರು. ಆ ಮಾತಿಗೆ ಹೆಸರಿತ್ತು, ಊರಿತ್ತು, ಪಹಣಿಯ ಸರ್ವೆ ನಂಬರಿತ್ತು. ಭೂಮಿ ಉಳಿಸಿದ್ದು ಅಂತಹ ಮಾತು. ಕೆರೆಯ ನೀರು, ಮಗ್ಗದ ಕೂಲಿ, ಹಳ್ಳಿಯ ಬಸ್ಸು, ಸರ್ಕಾರಿ ಶಾಲೆಯ ಶಿಕ್ಷಕರ ಕೊರತೆ, ಇವೆಲ್ಲವೂ ಚುನಾವಣೆಯ ಕಾಲದಲ್ಲಿ ಧಾರಾಳವಾಗಿ ಆಡಬೇಕಾದ ಮಾತುಗಳೇ. ಇಂತಹ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸದ್ಗುಣವೇನಲ್ಲ.

3. ಇದು ಕೆಲಸದ ವಿಮರ್ಶೆಯೋ, ಮಾನಹರಣವೋ?

ಅಭ್ಯರ್ಥಿ ಐದು ವರ್ಷ ಏನು ಮಾಡಿದರು, ಏನು ಮಾಡಲಿಲ್ಲ ಎಂದು ಕೇಳುವುದು ವಿಮರ್ಶೆ. ಅವರ ಜಾತಿ, ಮತ, ಮನೆಯ ಹೆಣ್ಣುಮಕ್ಕಳನ್ನು ಎಳೆದು ತರುವುದು ವಿಮರ್ಶೆಯಲ್ಲ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನೂ, ಅಭ್ಯರ್ಥಿಯ ಶೀಲದ ಬಗ್ಗೆ ಸುಳ್ಳೆಂದು ತಿಳಿದೂ ಪ್ರಚಾರ ಮಾಡುವುದನ್ನೂ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಭ್ರಷ್ಟ ನಡವಳಿಕೆ ಎಂದು ಕರೆಯುತ್ತದೆ.

ದೇವರ ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಧರ್ಮೋಪದೇಶವು ಇನ್ನೂ ಆಳಕ್ಕೆ ಇಳಿಯುತ್ತದೆ. ಆಧಾರವಿಲ್ಲದೆ ಒಬ್ಬರನ್ನು ಮನದಲ್ಲೇ ತಪ್ಪಿತಸ್ಥರೆಂದು ತೀರ್ಮಾನಿಸುವುದು ಒಂದು ಪಾಪ. ಒಬ್ಬರ ನಿಜವಾದ ದೋಷವನ್ನೇ ಆದರೂ ಯೋಗ್ಯ ಕಾರಣವಿಲ್ಲದೆ ಅರಿಯದವರಿಗೆ ಬಿಚ್ಚಿಡುವುದು ಇನ್ನೊಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಮೂರನೆಯದು. ಇಷ್ಟೇ ಅಲ್ಲ, ಪಾಪಕ್ಕೆ ಕ್ಷಮೆ ದೊರೆತ ಮೇಲೂ ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ಉಳಿದೇ ಇರುತ್ತದೆ. ಪಾಪನಿವೇದನೆ ಮಾಡಿ ಬಂದರೆ ಸಾಲದು; ಸುಳ್ಳನ್ನು ಯಾರಿಗೆ ಹೇಳಿದೆವೋ ಅವರಿಗೇ "ಅದು ನಿಜವಲ್ಲ" ಎಂದೂ ಹೇಳಬೇಕು.

ನೆರೆಹೊರೆಯವರ ನಡುವೆ ಆಗುವ ಗಾಯದ ಮಾತು ಬೇರೆಯೇ ಇದೆ. ಹೊಸಕೋಟೆಯನ್ನು ನೆನೆಯಿರಿ. 2018ರಲ್ಲಿ ಎಂ.ಟಿ.ಬಿ. ನಾಗರಾಜ್ ಕಾಂಗ್ರೆಸ್ ಅಭ್ಯರ್ಥಿ, ಶರತ್ ಬಚ್ಚೇಗೌಡ ಬಿ.ಜೆ.ಪಿ. ಅಭ್ಯರ್ಥಿ, ಗೆದ್ದವರು ನಾಗರಾಜ್. 2019ರ ಡಿಸೆಂಬರ್ ಉಪಚುನಾವಣೆಯ ಹೊತ್ತಿಗೆ ನಾಗರಾಜ್ ಬಿ.ಜೆ.ಪಿ. ಅಭ್ಯರ್ಥಿಯಾಗಿದ್ದರು, ಶರತ್ ಪಕ್ಷೇತರರಾಗಿ ಕುಕ್ಕರ್ ಚಿಹ್ನೆಯಲ್ಲಿ ನಿಂತು ಗೆದ್ದರು. 2023ರಲ್ಲಿ ಶರತ್ ಕಾಂಗ್ರೆಸ್‌ನಿಂದ ನಿಂತು ಮತ್ತೆ ಗೆದ್ದರು. ಪಕ್ಷ ಬದಲಿಸುವುದು ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ಅದನ್ನು ಮತದಾರರು ತೀರ್ಮಾನಿಸುತ್ತಾರೆ. ಆದರೆ ಒಂದು ಪಕ್ಷದ ಹೆಸರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೆ, ಪಕ್ಕದ ಮನೆಯವರ ಮದುವೆಗೆ ಹೋಗದೆ ಉಳಿದರೆ, ಐದೇ ವರ್ಷಗಳಲ್ಲಿ ಆ ಜಗಳಕ್ಕೆ ಕಾರಣವೇ ಇಲ್ಲದಂತಾಗಬಹುದು. ನಾಯಕರು ಹೊಸ ಪಕ್ಷ ಕಂಡುಕೊಳ್ಳುತ್ತಾರೆ. ನಮಗೆ ಹೊಸ ಅಣ್ಣತಮ್ಮಂದಿರು ಸಿಗುತ್ತಾರೆಯೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಯಲ್ಲಿ ಏನು ಮಾಡಬಹುದು?

ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ವಿದ್ಯಾಭ್ಯಾಸ ಹಾಗೂ ತಮ್ಮ ಮೇಲಿರುವ ಮೊಕದ್ದಮೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಮತದಾರರಿಗೆ ದೊರೆತ ಹಕ್ಕು ಇದು. ಚುನಾವಣಾ ಆಯೋಗ ಈ ಪತ್ರಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಒಂದು ಸಂಜೆ ಜಪಸರದ ನಂತರ ಅವನ್ನು ತೆಗೆದು ಹಿರಿಯರಿಗೆ ಓದಿ ಹೇಳಲಿ. ನೂರು ಗಾಳಿಸುದ್ದಿಗಳಿಗಿಂತ ಆ ಒಂದು ಓದು ಮೇಲು.

"ಧರ್ಮಾಧ್ಯಕ್ಷರು ಇಂತಹ ಪಕ್ಷಕ್ಕೇ ಮತ ಹಾಕಲು ಹೇಳಿದ್ದಾರೆ" ಎಂಬ ಸಂದೇಶ ಬಂದರೆ ನಂಬುವ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ತೊಡಗಬಾರದು ಎಂಬುದು ಧರ್ಮಸಭೆಯ ಕಾನೂನಿನ ಸಾಮಾನ್ಯ ನಿಯಮ. ಮತ ನಿಮ್ಮದು, ಅದನ್ನು ನಿಮ್ಮ ಮನಸ್ಸಾಕ್ಷಿಯ ಮುಂದೆ ತೂಗಿ ನೋಡುವವರೂ ನೀವೇ.

ಕುಟುಂಬದಲ್ಲಿ ಚರ್ಚಿಸಲು

ಕಳೆದ ಚುನಾವಣೆಯಲ್ಲಿ ನಾವು ಇತರರಿಗೆ ದಾಟಿಸಿದ ಸುದ್ದಿಗಳಲ್ಲಿ ಎಷ್ಟಕ್ಕೆ ಹೇಳಿದವರ ಹೆಸರಿತ್ತು?

ನಮ್ಮ ಊರಿಗೆ ಬರುವ ಅಭ್ಯರ್ಥಿಯನ್ನು ಕೇಳಲು ನಮ್ಮ ಮನೆಯಿಂದ ಒಂದೇ ಪ್ರಶ್ನೆಗೆ ಅವಕಾಶವಿದ್ದರೆ ಅದು ಯಾವುದು?

ಚುನಾವಣೆಯ ಮಾತಿನಿಂದಾಗಿ ನಾವು ದೂರವಾದ ಬಂಧುಗಳು, ನೆರೆಯವರು ಇದ್ದಾರೆಯೇ? ಅವರ ಮನೆಯ ಬಾಗಿಲಿಗೆ ಮೊದಲು ಹೋಗುವವರು ನಮ್ಮಲ್ಲಿ ಯಾರು?