ಮುಹೂರ್ತ ಮೊದಲೋ, ಉತಾರ ಮೊದಲೋ?

ಈ ಸಲ ಹಾವೇರಿ ಜಿಲ್ಲೆಯಿಂದ ಬಂದ ಮೂರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೂರೂ ಮನೆ-ಜಾಗ ಕೊಳ್ಳುವ, ಮಾರುವ ವಿಷಯದವು. ಒಂದರ ಉತ್ತರ ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಮೂರನ್ನೂ ಓದಿರಿ.

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಒಂದು 30-40 ಸೈಟು ನೋಡಿದ್ದೇವೆ. ಮಾರುವವರು "ಅಕ್ಷಯ ತದಿಗಿ ದಿನಾನ ಪೂರಾ ರೊಕ್ಕ ಕೊಡ್ರಿ, ಕಾಗದಪತ್ರ ಆಮ್ಯಾಲೆ ಮಾಡಿಕೊಂಡ್ರಾತು, ಮುಹೂರ್ತ ತಪ್ಪಿದ್ರ ಮತ್ತ ಸಿಗಂಗಿಲ್ಲ" ಎನ್ನುತ್ತಾರೆ. ನಮ್ಮ ಅತ್ತೆಯವರಿಗೂ ಆ ದಿನವೇ ಆಗಬೇಕೆಂಬ ಆಸೆ. ಅದು ಯಜಮಾನರ ನಿವೃತ್ತಿಯ ಹಣ, ಬೇರೆ ಉಳಿತಾಯ ಇಲ್ಲ. ಏನು ಮಾಡಲಿ?
– ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ತಾಯಿ, ನಿಮ್ಮ ಅತ್ತೆಯವರ ಆಸೆ ತಪ್ಪಲ್ಲ. ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ ಈ ಮೂರು ಪೂರ್ಣ, ಬಲಿಪಾಡ್ಯಮಿ ಅರ್ಧ. ಹೀಗೆ ಮೂರೂವರೆ ಮುಹೂರ್ತ ಎಂದು ನಮ್ಮ ಕಡೆ ಹಿಂದಿನಿಂದಲೂ ನಂಬಿಕೆ ಇದೆ. ಆ ದಿನಗಳಿಗೆ ಪಂಚಾಂಗ ತೆರೆಯಬೇಕಿಲ್ಲ ಎನ್ನುತ್ತಾರೆ. ಆದರೆ ಒಂದು ಮಾತು ಗಮನಿಸಿ. ನಮ್ಮ ರಾಜ್ಯದಲ್ಲಿ ಈ ದಿನಗಳು ಸರಕಾರಿ ರಜೆ. ಅಕ್ಷಯ ತದಿಗೆಯಂದೇ ಬಸವ ಜಯಂತಿ. ಅಂದಮೇಲೆ ಆ ದಿನ ಹಣ ಕೊಡಬಹುದೇ ಹೊರತು ಖರೀದಿ ಪತ್ರ ನೋಂದಣಿ ಆಗುವುದಿಲ್ಲ. ನೋಂದಣಿಯ ಕಚೇರಿಗೆ ಬೀಗ ಬಿದ್ದ ದಿನ ಪೂರ್ತಿ ಹಣ ಕೇಳುವವರ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು.

ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದರೆ, ಅದಕ್ಕೆ ನಾವು ದೂರ ಹೋಗಬೇಕಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನಲ್ಲೇ ಇದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಆರು ಸಂಗತಿ ಬೇಕೆಂಬ ಹಳೆಯ ಮಾತನ್ನು ಅವನು ಅಲ್ಲಿ ವಿವರಿಸುತ್ತಾನೆ: ಊರಿನವರ ಒಪ್ಪಿಗೆ, ಬಂಧುಗಳ ಒಪ್ಪಿಗೆ, ಅಕ್ಕಪಕ್ಕದ ಜಾಗದವರ ಒಪ್ಪಿಗೆ, ಹಕ್ಕುದಾರರ ಒಪ್ಪಿಗೆ, ಕೊನೆಗೆ ಬಂಗಾರ ಮತ್ತು ನೀರು. ಊರಿನವರ ಒಪ್ಪಿಗೆ ಯಾಕೆಂದರೆ ವ್ಯವಹಾರ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು. ನೆರೆಯವರದ್ದು ಯಾಕೆಂದರೆ ಗಡಿಯ ಜಗಳ ಬಾರದಿರಲಿ ಎಂದು. ಬಂಗಾರ, ನೀರು ಯಾಕೆಂದರೆ ಭೂಮಿಯನ್ನು ಮಾರಬಾರದು, ದಾನದ ರೂಪದಲ್ಲಿ ಕೊಡಬೇಕು ಎಂಬ ಭಾವನೆಯಿಂದ. ನಮ್ಮ ಶಾಸನಗಳಲ್ಲಿ ಕೈಗೆ ನೀರೆರೆದು ಭೂಮಿ ಬಿಟ್ಟದ್ದನ್ನು ಹೇಳುವುದೂ ಇದೇ ಸಂಪ್ರದಾಯ. ಈ ಆರರಲ್ಲಿ ಮೊದಲ ನಾಲ್ಕು ವಿಚಾರಣೆ, ಕೊನೆಯ ಎರಡು ಮಾತ್ರ ವಿಧಿ. ವಿಚಾರಣೆ ಬಿಟ್ಟು ವಿಧಿಗೆ ಓಡುವುದನ್ನು ಹಿರಿಯರು ಕಲಿಸಿಲ್ಲ.

ಆ ನಾಲ್ಕು ಒಪ್ಪಿಗೆಗಳು ಇಂದು ಕಾಗದದ ರೂಪದಲ್ಲಿವೆ. ಹೀಗೆ ನೋಡಿಕೊಳ್ಳಿ:

1. ಊರಿನ ಒಪ್ಪಿಗೆ: ಜಾಗ ನಗರಸಭೆಯ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಹೊಲವನ್ನು ಸೈಟು ಮಾಡಿದ್ದಾದರೆ ಎನ್.ಎ. ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ. "ಖಾತಾ ಆಮ್ಯಾಲೆ ಬರ್ತೈತಿ" ಎಂದರೆ, ಬಂದ ಮೇಲೆ ರೊಕ್ಕ ಕೊಡುತ್ತೇವೆ ಎನ್ನಿ.

2. ಬಂಧುಗಳ, ಹಕ್ಕುದಾರರ ಒಪ್ಪಿಗೆ: ಮಾರುವವರ ಮನೆತನದ ವಂಶವೃಕ್ಷ, ವಾಟ್ನಿ ಪತ್ರ, ಹಳೆಯ ಉತಾರ, ವಾರಸಾ ದಾಖಲೆ. ಉತಾರದಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಬೋಜಾ ಇದೆಯೋ ನೋಡಿ. ಜಾಗ ಮೂಲದಲ್ಲಿ ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ್ದಾದರೆ, 1978ರ ಕಾಯ್ದೆ ಪ್ರಕಾರ ಸರಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಂಥದ್ದನ್ನು ಕೊಂಡರೆ ಹಣವೂ ಹೋದೀತು, ಬಡವರ ಭೂಮಿ ಕಸಿದ ಪಾಪವೂ ಬಂದೀತು.

3. ನೆರೆಯವರ ಒಪ್ಪಿಗೆ: ನೀವೇ ಜಾಗದ ಮೇಲೆ ಹೋಗಿ ನಿಂತು, ಪತ್ರದ ಚೆಕ್ಕುಬಂದಿ ಓದುತ್ತಾ ನಾಲ್ಕೂ ದಿಕ್ಕು ನಡೆಯಿರಿ. ಪಕ್ಕದವರನ್ನು ಕೇಳಿ. ಟೇಪು ಹಿಡಿದು ಅಳೆಯಿರಿ.

4. ಇವುಗಳ ಜೊತೆಗೆ ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಇದು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ. ಆದರೆ ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಎಲ್ಲ ಕಾಗದವನ್ನೂ ಒಬ್ಬ ವಕೀಲರಿಗೆ ತೋರಿಸಿ. ಆ ವಕೀಲರು ಮಾರುವವರು ಕರೆತಂದವರಾಗಿರಬಾರದು.

ಹಾಗಾದರೆ ಅಕ್ಷಯ ತದಿಗೆಯಂದು ಏನು ಮಾಡಬೇಕು? ಬೆಳಿಗ್ಗೆ ಮನೆದೇವರ ಮುಂದೆ ಸಂಕಲ್ಪ ಮಾಡಿ. ಮಾರುವವರಿಗೆ ಕಾಯಿ, ಎಲೆ-ಅಡಿಕೆ ಕೊಟ್ಟು, ಸಣ್ಣ ಮೊತ್ತದ ಸಂಚಕಾರವನ್ನು ಬ್ಯಾಂಕಿನ ಮೂಲಕವೇ ಕೊಡಿ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನದನ್ನು ನಗದಾಗಿ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಸಂಚಕಾರದ ಜೊತೆಗೇ ಕರಾರು ಪತ್ರ ಬರೆಸಿ. ಯಾವ ಕಾಗದ ಎಷ್ಟು ದಿನದೊಳಗೆ ತರಬೇಕು, ತರದಿದ್ದರೆ ಸಂಚಕಾರ ವಾಪಸು ಎಂದು ಅದರಲ್ಲಿರಲಿ. ಆದರೆ ಕರಾರಿನಿಂದ ಮಾತ್ರ ಜಾಗ ನಿಮ್ಮದಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ಅದನ್ನೇ. ಬಾಕಿ ಹಣ ನೋಂದಣಿಯ ದಿನ, ಸಹಿ ಬೀಳುವಾಗ. ಅತ್ತೆಯವರ ಮುಹೂರ್ತವೂ ಉಳಿಯಿತು, ಯಜಮಾನರ ಹಣವೂ ಉಳಿಯಿತು.

ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಬಹಳ ವರ್ಷದ ಹಿಂದೆ ಒಬ್ಬ ಶಿಕ್ಷಕರಿಗೆ ನಾನೇ ಮುಹೂರ್ತ ತೆಗೆದುಕೊಟ್ಟಿದ್ದೆ. ಒಳ್ಳೆಯ ನಕ್ಷತ್ರ, ಒಳ್ಳೆಯ ಲಗ್ನ. ಆ ಸೈಟನ್ನು ಅದಾಗಲೇ ಇನ್ನೊಬ್ಬರಿಗೆ ಮಾರಿದ್ದರು. ಶಿಕ್ಷಕರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, "ನಮ್ಮ ಕರ್ಮ ಬಿಡ್ರಿ" ಎಂದರು. ಅದು ಕರ್ಮವಾಗಿರಲಿಲ್ಲ, ನಾವಿಬ್ಬರೂ ಇ.ಸಿ. ನೋಡಿರಲಿಲ್ಲ. ಅಂದಿನಿಂದ ಮುಹೂರ್ತ ಕೇಳಿ ಬಂದವರಿಗೆ "ಕಾಗದ ನೋಡಿದಿರೇನು?" ಎಂದು ಕೇಳಿಯೇ ಪಂಚಾಂಗ ತೆರೆಯುತ್ತೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಅಪ್ಪ ತೀರಿಕೊಂಡು ಎರಡು ವರ್ಷ, ಉಯಿಲು ಬರೆದಿಲ್ಲ. ಅವ್ವ ಹುಬ್ಬಳ್ಳಿಯಲ್ಲಿ ನನ್ನ ಜೊತೆ ಇದ್ದಾಳೆ. ಮನೆ ಮಾರುವ ಮಾತು ಬಂದರೆ ದೇವರ ಜಗಲಿ ನೆನೆಸಿಕೊಂಡು ಅಳುತ್ತಾಳೆ. ಅಕ್ಕನಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಆಕೆಯ ಸಹಿ ಬೇಡ ಎಂದು ಅಣ್ಣನ ವಾದ. ಮಾರುವ ಮುಂಚೆ ಯಾವ ಪೂಜೆ ಮಾಡಿಸಿದರೆ ದೋಷ ತಟ್ಟುವುದಿಲ್ಲ?
– ಒಬ್ಬ ಓದುಗರು, ಹುಬ್ಬಳ್ಳಿ (ಮೂಲ ಬ್ಯಾಡಗಿ)

ಉತ್ತರ: ತಮ್ಮಾ, ಪೂಜೆ ಆಮೇಲೆ ಹೇಳುತ್ತೇನೆ. ಮೊದಲು ಅಕ್ಕನ ಮಾತು. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಉಯಿಲು ಇಲ್ಲ ಎಂದರೆ ಅವ್ವ, ಅಣ್ಣ, ಅಕ್ಕ, ನೀವು ನಾಲ್ವರಿಗೂ ಸಮಪಾಲು. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳ ಹಕ್ಕನ್ನು ನಮ್ಮ ಕರ್ನಾಟಕ 1994ರಲ್ಲೇ ಒಪ್ಪಿತು, ಇಡೀ ದೇಶ 2005ರಲ್ಲಿ ಒಪ್ಪಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದ ಬರುವ ಹಕ್ಕು ಎಂದು ಸ್ಪಷ್ಟಪಡಿಸಿತು. ಮದುವೆಯ ಬಂಗಾರಕ್ಕೂ ಇದಕ್ಕೂ ಸಂಬಂಧವಿಲ್ಲ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟರೆ ಅದು ಸುಳ್ಳು ದಾಖಲೆ. ನಾಳೆ ಆಕೆ ದಾವೆ ಹಾಕಿದರೆ, ಏನೂ ತಿಳಿಯದೆ ಕೊಂಡ ಆ ಮನೆಯವರು ಬೀದಿಗೆ ಬರುತ್ತಾರೆ. ಆ ದೋಷಕ್ಕೆ ಯಾವ ಹೋಮವೂ ಪರಿಹಾರವಲ್ಲ.

ಅಕ್ಕನ ಮನೆಗೆ ಅಣ್ಣ-ತಮ್ಮ ಇಬ್ಬರೂ ಹೋಗಿ, ಬೆಲೆ ಎಷ್ಟು ಬಂದಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ಆಕೆ ಪಾಲು ಕೇಳಿದರೆ ಸಂತೋಷದಿಂದ ಕೊಡಿ. ತಾನಾಗಿ ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ, ಬಾಯಿಮಾತು ಸಾಲದು. ಉಡಿ ತುಂಬುವಾಗ ಸಹಿ ಕೇಳಬೇಡಿ, ಸಹಿಯ ಸಲುವಾಗಿ ಉಡಿ ತುಂಬಬೇಡಿ. ಎರಡೂ ಬೇರೆ ಬೇರೆ ದಿನ ಇರಲಿ.

ಇನ್ನು ಅವ್ವನ ಅಳು. ಕೀಲಿ ಕೊಡುವ ಮುಂಚೆ ಒಂದು ದಿನ ಎಲ್ಲರೂ ಅವ್ವನನ್ನು ಕರೆದುಕೊಂಡು ಆ ಮನೆಗೆ ಹೋಗಿ. ಕಸ ಗುಡಿಸಿ, ಹೊಸ್ತಿಲು ತೊಳೆದು ರಂಗೋಲಿ ಹಾಕಿ. ಅವ್ವನ ಕೈಯಿಂದಲೇ ಜಗಲಿಯ ಮೇಲೆ ದೀಪ ಹಚ್ಚಿಸಿ, ಏನಾದರೂ ಸಿಹಿ ಮಾಡಿ ಎಡೆ ಹಿಡಿಯಿರಿ. "ಇಷ್ಟು ವರ್ಷ ಕಾಪಾಡಿದಿ, ಇನ್ನು ನಮ್ಮ ಜೊತೆ ಬಾ" ಎಂದು ದೇವರಿಗೆ ಕನ್ನಡದಲ್ಲೇ ಹೇಳಿಕೊಂಡರೆ ಸಾಕು. ಫೋಟೋ, ಲೋಹದ ಮೂರ್ತಿಗಳನ್ನು ಹೊಸ ಬಟ್ಟೆಯಲ್ಲಿಟ್ಟು ತನ್ನಿ. ಪ್ರಾಣಪ್ರತಿಷ್ಠೆ ಆದ ಮೂರ್ತಿ ಇದ್ದರೆ ಮಾತ್ರ ಮನೆತನದ ಪುರೋಹಿತರನ್ನೋ ಅಯ್ಯನವರನ್ನೋ ಕರೆಸಿ ಉದ್ವಾಸನ ಮಾಡಿಸಬೇಕು. ಕಲಶದ ನೀರನ್ನು ತುಳಸಿಗೆ ಹಾಕಿ, ತುಳಸಿಯನ್ನು ಮಣ್ಣು ಸಮೇತ ಕುಂಡದಲ್ಲಿ ಒಯ್ಯಿರಿ. ಬರುವಾಗ ಕದರಮಂಡಲಗಿಯ ಆಂಜನೇಯನಿಗೆ ಹಣ್ಣು-ಕಾಯಿ ಮಾಡಿಸಿಕೊಂಡು ಬಂದರೆ ಅವ್ವನಿಗೂ ಸಮಾಧಾನ. ಕೊಂಡವರಿಗೆ ಕೀಲಿಯನ್ನು ಎಲೆ-ಅಡಿಕೆ, ಕಾಯಿಯ ಜೊತೆ ಕೊಡಿ. ಆಗ ಅಕ್ಕನೂ ಪಕ್ಕದಲ್ಲಿ ನಿಂತಿರಲಿ.

ಪ್ರಶ್ನೆ: ಹಾವೇರಿಯಲ್ಲಿ ಮನೆ ಕೊಳ್ಳುತ್ತಿದ್ದೇವೆ. ಕಾಗದ ಎಲ್ಲ ಸರಿ ಇದೆ. ನೋಂದಣಿಗೆ ಶುಕ್ರವಾರ 11 ಗಂಟೆಗೆ ಸಮಯ ಸಿಕ್ಕಿದೆ, ಅದು ರಾಹುಕಾಲ. ರದ್ದು ಮಾಡಲೇ?
– ಒಬ್ಬ ಓದುಗರು, ಹಾವೇರಿ

ಉತ್ತರ: ಬೇರೆ ಸಮಯ ಸುಲಭವಾಗಿ ಸಿಗುವುದಾದರೆ ಬದಲಿಸಿ. ಸೋಮವಾರದ ರಾಹುಕಾಲ ಬೆಳಿಗ್ಗೆ 7.30ರಿಂದ 9, ಕಚೇರಿ ತೆರೆಯುವ ಮುಂಚೆಯೇ ಮುಗಿದಿರುತ್ತದೆ. ಸಿಗದಿದ್ದರೆ 'ಪ್ರಸ್ಥಾನ' ಎಂಬ ಹಳೆಯ ಪದ್ಧತಿ ಇದೆ. ಹೊರಡುವ ಹೊತ್ತು ಅನುಕೂಲವಿಲ್ಲದಾಗ, ಒಳ್ಳೆಯ ವೇಳೆಯಲ್ಲಿ ತಮ್ಮದೊಂದು ವಸ್ತುವನ್ನು ಮನೆಯಿಂದ ಹೊರಗೆ ಇಟ್ಟು ಬರುವುದು. ಕೆಲಸ ಆಗಲೇ ಶುರುವಾದಂತೆ ಲೆಕ್ಕ. ಅಂದು ಬೆಳಿಗ್ಗೆ 10.30ರ ಒಳಗೆ ಕಾಗದದ ಫೈಲನ್ನು ಪುರಸಿದ್ಧೇಶ್ವರನ ಗುಡಿಗೆ ಒಯ್ದು ಸ್ವಾಮಿಯ ಮುಂದಿಟ್ಟು ನಮಸ್ಕರಿಸಿ, ಅಲ್ಲಿಂದ ನೇರ ಕಚೇರಿಗೆ ಹೋಗಿ. ಮಾರುವವರೂ ಸಾಕ್ಷಿಗಳೂ ಕೂಡಿ ಬಂದ ದಿನವನ್ನು ಕೈಬಿಡಬೇಡಿ. ಒಂದು ಎಚ್ಚರ: ಸಹಿ ಮಾಡುವ ಮುಂಚೆ ನಿಮ್ಮ ಹೆಸರು, ಅಳತೆ, ಚೆಕ್ಕುಬಂದಿಯನ್ನು ಇನ್ನೊಮ್ಮೆ ಓದಿ. ಅಕ್ಷರ ತಪ್ಪಿದರೆ ಆಮೇಲೆ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಮನೆಯ ಪ್ರವೇಶಕ್ಕೆ ಮಾತ್ರ ಆಷಾಢ, ಪಿತೃಪಕ್ಷ ಬಿಟ್ಟು ಒಳ್ಳೆಯ ದಿನ ನೋಡಿಕೊಳ್ಳಿ. ಅದಕ್ಕೆ ಅವಸರವಿಲ್ಲ, ಮನೆ ಆಗ ನಿಮ್ಮದೇ ಆಗಿರುತ್ತದೆ. ಎಲ್ಲರಿಗೂ ಒಳ್ಳೆಯದಾಗಲಿ.