ಲೂಪ್‌ಗಳು: ಫಾರ್, ವೈಲ್, ಡೂ-ವೈಲ್ ಪರಸ್ಪರ ಪರಿವರ್ತನೆ (ಸಿ ಭಾಷೆ)

ಉದಾಹರಣೆ: ಹೈದರಾಬಾದ್ ಮೆಟ್ರೋದ ಹಸಿರು ಮಾರ್ಗ. ಜೆಬಿಎಸ್‌ನಿಂದ ಎಂಜಿಬಿಎಸ್‌ವರೆಗೆ 9 ನಿಲ್ದಾಣ, ನಾರಾಯಣಗೂಡ 7ನೆಯದು.

1. ಫಾರ್: ಸುತ್ತುಗಳ ಸಂಖ್ಯೆ ಮೊದಲೇ ಗೊತ್ತಿದ್ದಾಗ. 9 ನಿಲ್ದಾಣಗಳ ಹೆಸರು ಮುದ್ರಿಸಲು: ಫಾರ್ (ಐ=1; ಐ<=9; ಐ++)

2. ವೈಲ್: ಸಂಖ್ಯೆ ಗೊತ್ತಿಲ್ಲ, ಷರತ್ತು ಗೊತ್ತು. ನಾರಾಯಣಗೂಡ ಬರುವವರೆಗೆ ಮುಂದೆ ಸಾಗು.

3. ಡೂ-ವೈಲ್: ಮೊದಲು ಕೆಲಸ, ಆಮೇಲೆ ಷರತ್ತು. ಕನಿಷ್ಠ 1 ಸಲ ನಡೆದೇ ತೀರುತ್ತದೆ. ಕೊನೆಗೆ ಅರ್ಧವಿರಾಮ ಕಡ್ಡಾಯ.

ಪ್ರವೇಶದಲ್ಲೇ ತಪಾಸಣೆ: ಫಾರ್, ವೈಲ್. ನಿರ್ಗಮನದಲ್ಲಿ: ಡೂ-ವೈಲ್ ಮಾತ್ರ.

ಪರಿವರ್ತನೆ
• ಫಾರ್‌ನಿಂದ ವೈಲ್: ಐ=1 ಲೂಪ್‌ಗಿಂತ ಮೇಲೆ, ಷರತ್ತು ಆವರಣದೊಳಗೆ, ಐ++ ಒಡಲಿನ ಕೊನೆಗೆ.
• ವೈಲ್‌ನಿಂದ ಫಾರ್: ಫಾರ್ (; ಷರತ್ತು ;). ಮೊದಲ, ಮೂರನೆಯ ಭಾಗ ಖಾಲಿ ಬಿಟ್ಟರೂ ಸರಿ. ಎರಡು ಅರ್ಧವಿರಾಮ ಇರಲೇಬೇಕು.
• ವೈಲ್‌ನಿಂದ ಡೂ-ವೈಲ್: ಇಡೀ ಲೂಪನ್ನು ಅದೇ ಷರತ್ತಿನ ಇಫ್ ಒಳಗೆ ಇಡಿ. ಇಲ್ಲವಾದರೆ ಷರತ್ತು ಮೊದಲೇ ಸುಳ್ಳಾಗಿದ್ದರೂ ಒಮ್ಮೆ ನಡೆಯುತ್ತದೆ.

ಗೊಂದಲ ಎಲ್ಲಿ?
• ಮೇಲಿನ ಫಾರ್‌ನಲ್ಲಿ ಒಡಲು 9 ಸಲ, ಷರತ್ತಿನ ತಪಾಸಣೆ 10 ಸಲ, ಮುಗಿದಾಗ ಐ ಬೆಲೆ 10. ಹೆಚ್ಚಿನವರು 9 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.
• ಕಂಟಿನ್ಯೂ: ಅತಿ ಮುಖ್ಯ. ಫಾರ್‌ನಲ್ಲಿ ಐ++ಗೆ ಹೋಗುತ್ತದೆ. ವೈಲ್‌ಗೆ ಬದಲಿಸಿದಾಗ ಐ++ ದಾಟಿ ನೇರ ಷರತ್ತಿಗೆ ಹಾರುತ್ತದೆ. ಫಲ, ಅನಂತ ಲೂಪ್. ಕಂಟಿನ್ಯೂಗೆ ಮೊದಲು ಐ++ ಬರೆಯಿರಿ.
• ವೈಲ್ ಷರತ್ತಿನ ಬೆನ್ನಿಗೇ ಅರ್ಧವಿರಾಮ: ಒಡಲು ಖಾಲಿ.
• ಪೈಥಾನ್‌ನಲ್ಲಿ ಡೂ-ವೈಲ್ ಇಲ್ಲ. ವೈಲ್ ಟ್ರೂ ಜೊತೆಗೆ ಬ್ರೇಕ್.